ನಲವತ್ತು ಅಡಿ ದೂರದ ಮನೆ

ಮಾರ್ಚ್ 3, ಸೋಮವಾರ

ಇದು ಮೇಷ್ಟ್ರಮ್ಮನ ಹಳೆಯ ಹಾಜರಿ ಪುಸ್ತಕ. ಮೇಷ್ಟ್ರಮ್ಮ ಅಂದರೆ ನನ್ನ ಹೆಂಡತಿ. ಮೂವತ್ತೊಂದು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳು, ನಲವತ್ತಾರು ವರ್ಷ ನನಗೆ ಬುದ್ಧಿ ಕಲಿಸಲು ನೋಡಿದವಳು. ಮೊದಲನೆಯದರಲ್ಲಿ ಪಾಸಾಗಿದ್ದಾಳೆ. ಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ. ಅವಳು ಲಕ್ವ ಹೊಡೆದು ಆಸ್ಪತ್ರೆ ಸೇರಿ ಹತ್ತೊಂಬತ್ತು ದಿನವಾಯಿತು, ಮನೆಯಲ್ಲಿ ನನ್ನ ಕುಚೋದ್ಯ ಕೇಳುವವರಿಲ್ಲ. ಗೋಡೆಗೆ ಹೇಳಿದರೆ ಕೆಳಗಿನ ಮನೆಯವರು ಮಗಳಿಗೆ ಫೋನ್ ಮಾಡುತ್ತಾರೆ. ಹಾಳೆಗಾದರೆ ಚಾಡಿ ಹೇಳಲು ಬಾಯಿಲ್ಲ.

ಇವತ್ತಿನ ಹಾಜರಿ: ನಾನು ಹಾಜರ್. ಅವಳ ಎಡಗೈ, ಎಡಗಾಲು, ಎರಡು ಕಣ್ಣು ಹಾಜರ್. ಬಲಗೈ, ಬಲಗಾಲು, ಮಾತು ಮೂರೂ ರಜೆ ಚೀಟಿ ಕೊಡದೆ ಗೈರು.

ಬೆಳಿಗ್ಗೆ ‘ಗೋಲ್ ಮೀಟಿಂಗ್’ ಇತ್ತು. ಯಾರ ಗೋಲು, ಯಾರ ಗೋಳು ಅಂತ ಕೇಳಬೇಕೆಂದಿದ್ದೆ, ಮಗಳು ಮೇಜಿನ ಕೆಳಗೆ ಕಾಲು ತುಳಿದಳು. ಅವಳದು ಕನ್ನಡಕದ ಅಂಗಡಿ. ಜನರ ಕಣ್ಣು ಅಳೆದು ಅಳೆದು ನನ್ನ ಮುಖ ನೋಡಿದರೇ ಮುಂದಿನ ಮಾತು ಗೊತ್ತಾಗುತ್ತದೆ. ದೊಡ್ಡ ಡಾಕ್ಟರು, ಕಾಲಿಗೆ ಕಸರತ್ತು ಮಾಡಿಸುವ ಫಿಸಿಯೋ ಹುಡುಗಿ, ಮಾತು ಕಲಿಸುವ ಇನ್ನೊಂದು ಹುಡುಗಿ, ಇಷ್ಟು ಜನ.

“ಶೀ ಈಸ್ ಆನ್ ದಿ ರೈಟ್ ಟ್ರ್ಯಾಕ್,” ಅಂದರು ಡಾಕ್ಟರು.

“ಡಾಕ್ಟ್ರೇ, ನಾನು ರಸ್ತೆ ಇಲಾಖೆಯವನು. ಟ್ರ್ಯಾಕು ರೈಲಿನವರದ್ದು. ಅವರಿಗೂ ನಮಗೂ ಹಿಂದಿನಿಂದಲೂ ಆಗಿಬರಲ್ಲ,” ಅಂದೆ.

ಮಾತಿನ ಹುಡುಗಿ ಒಬ್ಬಳೇ ನಕ್ಕಳು. ಡಾಕ್ಟರು ‘ರೋಡ್ ಮ್ಯಾಪ್’ ಬಿಡಿಸಿದರು. ಆರು ವಾರ ಗಡುವು. ಕೋಲು ಹಿಡಿದು ನಲವತ್ತು ಅಡಿ ನಡೆದರೆ ಮೆಟ್ಟಿಲಿನ ಅಭ್ಯಾಸ. ಮೆಟ್ಟಿಲು ಹತ್ತಿದರೆ ಮನೆ. ನಮ್ಮದು ಎರಡನೇ ಮಹಡಿ, ಮೂವತ್ನಾಲ್ಕು ಮೆಟ್ಟಿಲು, ಲಿಫ್ಟ್ ಇಲ್ಲ.

“ಆಗದೇ ಇದ್ರೆ?” ಅಂದಳು ಮಗಳು.

ಡಾಕ್ಟರು ಕಿಟಕಿಯ ಕಡೆ ನೋಡಿದರು. ಅಲ್ಲಿ ಹಿಂದಿನ ಕಟ್ಟಡ ಕಾಣುತ್ತದೆ. ಅಲ್ಲಿಗೆ ಹೋದವರು ಮನೆಗೆ ವಾಪಸಾಗದೆ ಅಲ್ಲೇ ಇರುವ ವಾರ್ಡು ಅದು. “ಲೆಟ್ ಅಸ್ ಟೇಕ್ ಇಟ್ ಸ್ಟೆಪ್ ಬೈ ಸ್ಟೆಪ್,” ಅಂದರು.

ಸ್ಟೆಪ್ಪೇ ಇಡಲಾಗದವಳ ವಿಷಯದಲ್ಲಿ ಎಷ್ಟು ಚೆನ್ನಾಗಿ ಮಾತಾಡುತ್ತಾರೆ.

ಮಾರ್ಚ್ 4

ಮೇಷ್ಟ್ರಮ್ಮನಿಗೆ ಉಳಿದಿರುವುದು ಒಂದೇ ಮಾತು: ‘ಆಲ್ಮೋಸ್ಟ್ ದೇರ್’.

ಇಪ್ಪತ್ತಕ್ಕೆ ಹನ್ನೆರಡು ತೆಗೆದ ಮಕ್ಕಳ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಅದನ್ನೇ ಬರೆಯುತ್ತಿದ್ದಳು. ನಾಲ್ಕು ತೆಗೆದವರಿಗೂ ಅದನ್ನೇ ಬರೆಯುತ್ತಿದ್ದಳು. ಮನೆಯ ಮಾತೆಲ್ಲ ಅಳಿಸಿಹೋಗಿ, ಕೆಂಪು ಶಾಯಿಯದೊಂದೇ ನಿಂತಿದೆ. “ಬಾಯಿಪಾಠ ಆಗಿರೋ ಮಾತು ತಲೇಲಿ ಬೇರೆ ಜಾಗದಲ್ಲಿ ಕೂತಿರುತ್ತೆ ತಾತ. ಪೆಟ್ಟು ಅಲ್ಲಿಗೆ ಬಿದ್ದಿಲ್ಲ,” ಅಂದಳು ಮಾತಿನ ಹುಡುಗಿ.

ನೀರು ಬೇಕೆಂದರೂ ಆಲ್ಮೋಸ್ಟ್ ದೇರ್. ಕಿಟಕಿ ಮುಚ್ಚಬೇಕೆಂದರೂ ಆಲ್ಮೋಸ್ಟ್ ದೇರ್. ರಾಗದಲ್ಲಿ ವ್ಯತ್ಯಾಸ ಇದೆ, ನಾಲ್ಕು ರಾಗ ಗುರುತು ಹಿಡಿದಿದ್ದೇನೆ. ನಾಲ್ಕನೆಯದು, ಹುಬ್ಬು ಗಂಟಿಕ್ಕಿ ಹೇಳುವುದು, ನನಗೆ: ಬಾಯಿ ಮುಚ್ಚಿ ಅಂತ.

ಮಾರ್ಚ್ 9, ಭಾನುವಾರ

ಫಿಸಿಯೋ ಹುಡುಗಿ ಮಾತು ಮಾತಿಗೆ ‘ಮೈಲ್‌ಸ್ಟೋನ್’ ಅನ್ನುತ್ತಾಳೆ. ಎದ್ದು ಕೂತರೆ ಮೈಲ್‌ಸ್ಟೋನ್, ಚಮಚ ಹಿಡಿದರೆ ಮೈಲ್‌ಸ್ಟೋನ್. ಅಮ್ಮಾ ತಾಯಿ, ಅದು ನನ್ನ ಕಸುಬು. ಮೂವತ್ತಾರು ವರ್ಷ ರಸ್ತೆ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಮೈಲಿಗಲ್ಲಿಗೆ ಬಣ್ಣ ಬಳಿದು ಅಂಕಿ ಬರೆದವನು ನಾನು. “ನಮ್ಮನೆಯವರು ಬೊಕ್ಕ ತಲೆಗೆ ಬಣ್ಣ ಹಾಕೋ ಕ್ಷೌರಿಕರು. ಗಿರಾಕಿಗಳು ಅಲ್ಲಾಡಲ್ಲ, ಬೈಯಲ್ಲ,” ಅಂತ ಮೇಷ್ಟ್ರಮ್ಮ ಶಾಲೆಯಲ್ಲಿ ಹೇಳಿಕೊಂಡು ನಗುತ್ತಿದ್ದಳಂತೆ.

ಔಷಧಿ ಅಂಗಡಿಯಿಂದ ರಟ್ಟಿನ ಪೆಟ್ಟಿಗೆ ತಂದು ಎಂಟು ಕಲ್ಲು ಕತ್ತರಿಸಿದೆ. ದುಂಡು ತಲೆ, ತಲೆಗೆ ಹಳದಿ, ಹೊಟ್ಟೆಗೆ ಬಿಳಿ, ಅಂಕಿ ಕಪ್ಪು. ಕೈ ನಡುಗಿದರೂ ಅಂಕಿ ನಡುಗಲಿಲ್ಲ. ಐದು, ಹತ್ತು, ಹದಿನೈದು, ಹೀಗೆ. ಎಂಟನೆಯದರಲ್ಲಿ ‘40’ ಬರೆದು ಕೆಳಗೆ ‘ಮನೆ’ ಅಂತ ಬರೆದೆ.

ಮಾರ್ಚ್ 10

ಕಲ್ಲುಗಳನ್ನು ವಾರ್ಡಿನ ಮುಂದಿನ ಓಣಿಯ ಗೋಡೆಗೆ, ಹಿಡಿಕಂಬಿಯ ಕೆಳಗೆ ಅಂಟಿಸಿದೆ. ಫಿಸಿಯೋ ಹುಡುಗಿಯೇ ಟೇಪು ಹಿಡಿದು ಐದೈದು ಅಡಿಗೆ ಗುರುತು ಹಾಕಿಕೊಟ್ಟಳು. ‘ಮನೆ’ ಬಂದದ್ದು ಬೆಡ್‌ಶೀಟ್ ಇಡುವ ಕೋಣೆಯ ಬಾಗಿಲಿಗೆ. “ಇನ್ಮೇಲೆ ನನಗೆ ಟೇಪೇ ಬೇಡ ತಾತ, ಕಲ್ಲು ನೋಡಿ ಬರ್ಕೊಂಡ್ರೆ ಆಯ್ತು,” ಅಂದಳು. ಹನ್ನೊಂದು ಜನರನ್ನು ನಡೆಸಬೇಕು ಪಾಪ, ಒಬ್ಬಳೇ.

ಕಾಲು ಮುರಿದುಕೊಂಡ ದರ್ಜಿಯೊಬ್ಬ ಪಕ್ಕದ ವಾರ್ಡಿನಲ್ಲಿದ್ದಾನೆ. ಗಾಲಿಕುರ್ಚಿಯಲ್ಲಿ ಬಂದು, “ಯಜಮಾನ್ರೇ, ಹದಿನೈದರ ಕಲ್ಲಿನ ಹತ್ರ ಟೀ ಅಂಗಡಿ ಇದ್ಯಾ?” ಅಂದ.

“ಇದೆ. ಆದ್ರೆ ನಡ್ಕೊಂಡು ಬಂದೋರಿಗೆ ಮಾತ್ರ,” ಅಂದೆ.

ಮೇಷ್ಟ್ರಮ್ಮ ಐದರ ಕಲ್ಲು ಮುಟ್ಟಿದಳು. ಬಾಗಿ ಎಡಗೈ ಬೆರಳಿನಿಂದ ಅಂಕಿಯನ್ನು ಸವರಿದಳು, ಬಣ್ಣ ಒಣಗಿದೆಯೋ ಇಲ್ಲವೋ ನೋಡುವವಳ ಹಾಗೆ. ಇಡೀ ಓಣಿಯಲ್ಲಿ ನನ್ನಷ್ಟು ಜಂಬದ ಮನುಷ್ಯ ಇನ್ನೊಬ್ಬನಿರಲಿಲ್ಲ.

ಮಾರ್ಚ್ 18, ಮಂಗಳವಾರ

ಹತ್ತರ ಕಲ್ಲಿನ ಹತ್ತಿರ ನಿಂತು ಐದು ದಿನವಾಯಿತು. ಅದರಾಚೆಗೆ ಬಲಗಾಲು ಬರುವುದಿಲ್ಲ. ನೆಲವನ್ನು ಗುಡಿಸುತ್ತಾ ಹಿಂದೆ ಉಳಿಯುತ್ತದೆ. “ಲಾಂಗ್ ವೇ ಟು ಗೋ, ಬಟ್ ವೀ ವಿಲ್ ಗೆಟ್ ದೇರ್,” ಅಂದಳು ಫಿಸಿಯೋ ಹುಡುಗಿ. ಈ ‘ವೀ’ಯಲ್ಲಿ ಯಾರ್ಯಾರು ಇದ್ದಾರೋ, ಕಾಲಂತೂ ಇವಳೊಬ್ಬಳದೇ.

ಮಧ್ಯಾಹ್ನ ಏಳಲು ಒಪ್ಪಲಿಲ್ಲ. ಕೋಲು ಕೈಗಿತ್ತರೆ ಬೀಳಿಸಿದಳು. ಆಮೇಲೆ ಅತ್ತಳು. ಅವಳು ಅತ್ತರೆ ಮುಖದ ಎಡ ಅರ್ಧ ಮಾತ್ರ ಅಳುತ್ತದೆ, ಬಲ ಅರ್ಧ ಸುಮ್ಮನೆ ಕೇಳಿಸಿಕೊಳ್ಳುತ್ತಿರುತ್ತದೆ. ನಾನು ಒಂದರ ಹಿಂದೆ ಒಂದು ಏಳು ಜೋಕು ಹೇಳಿದೆ. ಎಂಟನೆಯದು ನೆನಪಾಗಲಿಲ್ಲ.

ಮಾರ್ಚ್ 19

ಕಸುಬಿನ ಗುಟ್ಟೊಂದು ಬರೆದಿಡುತ್ತೇನೆ. ನಕ್ಷೆಯಲ್ಲಿ ಕಲ್ಲು ಎಲ್ಲಿ ಬರಬೇಕೋ ಅಲ್ಲಿ ಕೆಲವು ಸಲ ಬಂಡೆ ಇರುತ್ತಿತ್ತು. ಹಾರೆ ಇಳಿಯುತ್ತಿರಲಿಲ್ಲ. ಆಗ ನಮ್ಮ ಗ್ಯಾಂಗಿನವರು ಹಿಂದೆ ಮುಂದೆ ನೋಡಿ, ಎಲ್ಲಿ ಮಣ್ಣು ಮೆತ್ತಗಿದೆಯೋ ಅಲ್ಲಿ ನೆಟ್ಟುಬಿಡುತ್ತಿದ್ದರು. ನಾನು ಅದರ ಮೇಲೆ ಅಂಕಿ ಬರೆದರೆ ಅದೇ ಮೈಲಿ. ದಾರಿಹೋಕರು ಯಾರೂ ಅಳೆದು ನೋಡುವುದಿಲ್ಲ. ಕಲ್ಲು ನೋಡುತ್ತಾರೆ, ಇಷ್ಟು ಬಂದೆವಲ್ಲ ಅಂತ ಮುಖ ಅರಳುತ್ತದೆ, ಮುಂದೆ ಹೋಗುತ್ತಾರೆ.

ಬೆಳಿಗ್ಗೆ ಏಳಕ್ಕೆ, ಓಣಿ ಒರೆಸುವವಳು ಬಕೆಟ್ಟು ತೊಳೆಯಲು ಹೋದಾಗ, ಹದಿನೈದರಿಂದ ಹಿಡಿದು ಮುಂದಿನ ಕಲ್ಲುಗಳನ್ನೆಲ್ಲ ಹತ್ತರ ಕಡೆಗೆ ಸರಿಸಿದೆ. ಇಲ್ಲಿ ಮಣ್ಣು ಮೆತ್ತಗಿದೆ.

ಹನ್ನೊಂದು ಗಂಟೆಗೆ ಮೇಷ್ಟ್ರಮ್ಮ ಹದಿನೈದನ್ನು ಮುಟ್ಟಿದಳು. ಮಧ್ಯಾಹ್ನ ಪೂರ್ತಿ ಊಟ ಮಾಡಿದಳು.

ಮಾರ್ಚ್ 24, ಸೋಮವಾರ

ಫೈಲಿನಲ್ಲಿ ಇಪ್ಪತ್ತು ಅಡಿ. ನೆಲದ ಮೇಲೆ ಹದಿನಾಲ್ಕು. “ದಿಸ್ ಈಸ್ ದಿ ಟರ್ನಿಂಗ್ ಪಾಯಿಂಟ್,” ಅಂದರು ಡಾಕ್ಟರು. ತಿರುವು ಇದ್ದಲ್ಲಿ ಹಾರ್ನ್ ಹಾಕಬೇಕು ಅಂದೆ. ಈ ಸಲ ಡಾಕ್ಟರೂ ನಕ್ಕರು.

ಇದರಲ್ಲಿ ತಪ್ಪೇನಿದೆ. ಮೊದಲು ಹತ್ತೇ ಇದ್ದದ್ದು, ನಾಲ್ಕು ಅಡಿ ನಿಜವಾಗಿಯೂ ಜಾಸ್ತಿ ನಡೆದಿದ್ದಾಳೆ. ಅವಳು ಗಟ್ಟಿಯಾದ ಹಾಗೆ ಕಲ್ಲುಗಳನ್ನು ಒಂದೊಂದು ಬೆರಳು ವಾಪಸ್ ದೂಡುತ್ತಾ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಅವಳಿಗಂತೂ ಗೊತ್ತಾಗಬಾರದು.

ಮಾರ್ಚ್ 31

ಮೂವತ್ತು. ನಿಜ: ಇಪ್ಪತ್ತು.

ಮಗಳು ಸಂಜೆ ಓಣಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿದಳು. “ಅಪ್ಪ, ಆ ‘ಮನೆ’ ಕಲ್ಲು ಮೊದ್ಲು ಬೆಡ್‌ಶೀಟ್ ಕೋಣೆ ಬಾಗಿಲಿಗೆ ಇರ್ಲಿಲ್ವಾ?”

“ಬೇರೆಯವರಿಗೆ ಕನ್ನಡಕ ಮಾರಿ ಮಾರಿ ನಿನ್ನ ಕಣ್ಣು ಹೋಯ್ತು ಮಗಳೇ. ಒಂದು ನೀನೇ ಹಾಕ್ಕೋ.”

“ಥೂ, ಹೋಗಪ್ಪ,” ಅಂತ ನಕ್ಕು ತಾಯಿಯ ತಲೆ ಬಾಚಲು ಹೋದಳು. ಅವಳನ್ನು ನಗಿಸುವುದು ನನಗೆ ಅವಳ ತೊಟ್ಟಿಲ ಕಾಲದಿಂದ ಗೊತ್ತು.

ಏಪ್ರಿಲ್ 5, ಶನಿವಾರ

ಮನೆ ಮುಟ್ಟಿದಳು. ದರ್ಜಿ ಚಪ್ಪಾಳೆ ಹೊಡೆದ, ನರ್ಸುಗಳು ಹೊಡೆದರು, ಔಷಧಿ ಗಾಡಿ ತಳ್ಳುವವನೂ ಹೊಡೆದ. ಮೇಷ್ಟ್ರಮ್ಮ ಗೋಡೆಗೆ ಒರಗಿ ನಿಂತು ನಕ್ಕಳು. ಎರಡು ತಿಂಗಳಲ್ಲಿ ಮೊದಲ ನಗು. ಅರ್ಧವೇ ಆದರೂ ಒಂದು ಪೂರ್ತಿ ನಗುವಿನಷ್ಟು ಇತ್ತು. ನನ್ನ ಅಂಗಿಯ ಗುಂಡಿ ಹಿಡಿದೆಳೆದು, ಮುಖ ಹತ್ತಿರ ತಂದು, “ಆಲ್ಮೋಸ್ಟ್ ದೇರ್,” ಅಂದಳು. ಇದು ಐದನೆಯ ರಾಗ, ಇದುವರೆಗೆ ಕೇಳದ್ದು. ಅರ್ಥವಾಯಿತು. ನಮ್ಮ ಮನೆಗೆ ಅಂತ.

ಇಪ್ಪತ್ತಾರು ಅಡಿ.

ಏಪ್ರಿಲ್ 7, ಸೋಮವಾರ

ಮೀಟಿಂಗಿನಲ್ಲಿ ಎಲ್ಲರಿಗೂ ಸಂತೋಷ. ಗಡುವಿಗೆ ಇನ್ನೂ ಒಂದು ವಾರ ಇರುವಾಗಲೇ ನಲವತ್ತು. “ನಾಳೆಯಿಂದ ಸ್ಟೇರ್ಸ್,” ಅಂದರು ಡಾಕ್ಟರು. “ನಲವತ್ತು ಆರಾಮಾಗಿ ಆಗ್ತಿದೆ ಅಂದ್ರೆ ತೊಡೇಲಿ ಶಕ್ತಿ ಬಂದಿದೆ ಅಂತಾನೇ ಅರ್ಥ.”

ಫಿಸಿಯೋ ಹುಡುಗಿ ಫೈಲನ್ನು ಎದೆಗವಚಿಕೊಂಡಿದ್ದಳು. “ತಾತ, ಏನಾದ್ರೂ ಹೇಳಬೇಕಾ?” ಅಂದಳು. ನನ್ನ ಮುಖದಲ್ಲಿ ಏನೋ ಕಂಡಿರಬೇಕು.

ಹೇಳಬೇಕೆಂದೇ ಬಾಯಿ ತೆರೆದೆ. “ಮೆಟ್ಟಿಲಿಗೂ ಕಲ್ಲು ಬರೀಲಾ ಅಂತ ಯೋಚನೆ ಮಾಡ್ತಿದ್ದೆ ಕಣಮ್ಮ,” ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಏಪ್ರಿಲ್ 8

ಬಿದ್ದಳು. ನಾಲ್ಕನೆಯ ಮೆಟ್ಟಿಲು. ಸೊಂಟದ ಮೂಳೆ.

ಏಪ್ರಿಲ್ 10

ನಿನ್ನೆ ಆಪರೇಷನ್ ಆಯಿತು. ಎರಡೂವರೆ ಗಂಟೆ.

ಫಿಸಿಯೋ ಹುಡುಗಿ ಆ ಮೆಟ್ಟಿಲ ಮೇಲೆಯೇ ಕೂತಿದ್ದಳು. ಅವಳಿಂದ ಎಲ್ಲ ರೋಗಿಗಳನ್ನೂ ಸದ್ಯಕ್ಕೆ ತೆಗೆದುಕೊಂಡಿದ್ದಾರಂತೆ. ವಿಚಾರಣೆ ಇದೆಯಂತೆ. “ನಲವತ್ತು ನಡೆದಿದ್ರು ತಾತ. ನಾನು ಕಣ್ಣಾರೆ ನೋಡಿ ಬರೆದಿದ್ದು. ಹೇಗೆ ಕುಸಿದ್ರು ಅಂತಾನೇ ಗೊತ್ತಾಗ್ತಿಲ್ಲ. ನಾನು ಹಿಡ್ಕೊಂಡೇ ಇದ್ದೆ.”

ಪಕ್ಕದಲ್ಲಿ ಕೂತೆ. ಅವಳ ಭುಜ ತಟ್ಟಿದೆ. ತಟ್ಟಿದ್ದೊಂದೇ.

ಏಪ್ರಿಲ್ 11

ಕಲ್ಲುಗಳನ್ನು ಕಿತ್ತೆ. ಒಂದರ ಹಿಂದೆ ಗೋಡೆಯ ಬಣ್ಣ ಸ್ವಲ್ಪ ಎದ್ದು ಬಂತು.

ಮಗಳ ಅಂಗಡಿಗೆ ಹೋದೆ. ಒಬ್ಬ ಹೆಂಗಸಿನ ಮೂಗಿನ ಮೇಲೆ ಚೌಕಟ್ಟು ಇಟ್ಟು ನೋಡುತ್ತಿದ್ದಳು. ಅವರು ಹೋಗುವ ತನಕ ಕಾದೆ. ಆಮೇಲೆ ಹೇಳಿದೆ, ಪೂರ್ತಿ, ಮಾರ್ಚ್ ಹತ್ತೊಂಬತ್ತರಿಂದ.

ಬೈಯುತ್ತಾಳೆ ಅಂದುಕೊಂಡಿದ್ದೆ. ಒರೆಸುವ ಬಟ್ಟೆಯಿಂದ ಗಾಜಿನ ಮೇಜನ್ನು ಒರೆಸಿದಳು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದಳು.

“ನಾನು ಕೇಳಿದ್ದೆ ಅಪ್ಪ. ಓಣೀಲಿ ನಿಂತು ಕೇಳಿದ್ದೆ.”

“ಹೌದು.”

“ನೀನು ನನ್ನ ಕಣ್ಣು ಹೋಗಿದೆ ಅಂದೆ.”

“ಹೌದು ಮಗಳೇ.”

“ಆ ಹುಡುಗಿಗೆ ಹೇಳಿದ್ಯಾ?”

“ಇಲ್ಲ.”

“ಸೋಮವಾರ ಮೀಟಿಂಗ್‌ನಲ್ಲಿ ಎಲ್ರ ಎದುರು ಹೇಳು. ನಾನು ಪಕ್ಕದಲ್ಲಿ ಕೂತಿರ್ತೀನಿ. ಆದ್ರೆ ಒಂದು ತಮಾಷೆ ಮಾಡಿದ್ರೂ ಎದ್ದು ಹೋಗ್ತೀನಿ.”

ಏಪ್ರಿಲ್ 14, ಸೋಮವಾರ

ಡಾಕ್ಟರು ‘ಸೆಟ್‌ಬ್ಯಾಕ್’ ಅಂದರು. ‘ಬ್ಯಾಕ್ ಟು ಸ್ಕ್ವೇರ್ ಒನ್’ ಅಂದರು. ಇನ್ನು ‘ಆಲ್ಟರ್ನೇಟ್ ಪಾತ್‌ವೇ’ ಯೋಚಿಸಬೇಕು ಅಂದರು.

ನಾನು ಕೈ ಎತ್ತಿದೆ, ಶಾಲೆಯ ಹುಡುಗನ ಹಾಗೆ. ಕಲ್ಲು ಸರಿಸಿದ್ದು ನಾನು ಅಂದೆ. ಅವಳು ಯಾವತ್ತೂ ನಲವತ್ತು ನಡೆದಿಲ್ಲ, ಇಪ್ಪತ್ತಾರು ಅಂದೆ. ಈ ಹುಡುಗಿಯದೇನೂ ತಪ್ಪಿಲ್ಲ ಅಂದೆ.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಫಿಸಿಯೋ ಹುಡುಗಿ ನನ್ನನ್ನು ನೋಡಲಿಲ್ಲ. “ಟೇಪ್ ಹಿಡೀಬೇಕಾಗಿದ್ದು ನಾನು ಸರ್,” ಅಂತ ಡಾಕ್ಟರಿಗೆ ಹೇಳಿದಳು. ಆಮೇಲೆ ನನಗೆ, “ಯಾಕೆ ತಾತ?”

“ಅಳ್ತಿದ್ಲು ಕಣಮ್ಮ.”

ಆಮೇಲೆ ನಾನೇ ಕೇಳಿದೆ, “ಡಾಕ್ಟ್ರೇ, ದಾರಿ, ಟ್ರ್ಯಾಕು ಎಲ್ಲಾ ಬಿಡಿ. ಅವಳು ಇನ್ನು ನಡೀತಾಳಾ?”

“ಇಲ್ಲ,” ಅಂದರು.

ಈ ಆಸ್ಪತ್ರೆಯಲ್ಲಿ ನನಗೆ ಪೂರ್ತಿ ಅರ್ಥವಾದ ಮೊದಲ ಮಾತು. ಕೈ ಮುಗಿದೆ. ಮಗಳು ಕೂತೇ ಇದ್ದಳು.

ಏಪ್ರಿಲ್ 22

ಅವಳನ್ನು ಹಿಂದಿನ ಕಟ್ಟಡಕ್ಕೆ ಸಾಗಿಸಿದರು. ನೆಲಮಹಡಿ, ಎರಡು ಮಂಚದ ಕೋಣೆ, ಇನ್ನೊಂದು ಮಂಚ ಖಾಲಿ. ಅವಳ ಬಾಚಣಿಗೆ, ಶಾಲು, ಚಪ್ಪಲಿ ತಂದಿಟ್ಟೆ. ಚಪ್ಪಲಿಯನ್ನು ಆಮೇಲೆ ಚೀಲಕ್ಕೆ ಹಾಕಿಕೊಂಡೆ.

ಫಿಸಿಯೋ ಹುಡುಗಿಗೆ ಕೆಲಸ ವಾಪಸ್ ಕೊಟ್ಟರು. ಅವಳ ಕೆಲಸದ ಫೈಲಿನಲ್ಲಿ ತಪ್ಪು ಅಂತ ಎರಡು ಸಾಲು ಬರೆದರಂತೆ. ಆ ಎರಡು ಸಾಲು ನನ್ನದು.

ಏಪ್ರಿಲ್ 24, ಗುರುವಾರ

ದಿನಾ ಬೆಳಿಗ್ಗೆ ಅವಳು ಎಡಗೈಯಿಂದ ಕೋಲು ತೋರಿಸುತ್ತಿದ್ದಳು. ನರ್ಸುಗಳು “ಆಮೇಲೆ ಅಜ್ಜಿ, ಆಮೇಲೆ” ಅನ್ನುತ್ತಿದ್ದರು. ಯಾರೂ ಅವಳಿಗೆ ಹೇಳಿರಲಿಲ್ಲ. ಹೇಳಬೇಕಾದವನು ನಾನು.

ಕುರ್ಚಿ ಎಳೆದು ಅವಳ ಕಣ್ಣಿನ ಎತ್ತರಕ್ಕೆ ಕೂತೆ. ಒಂದು ನೋವಿನ ಮಾತು ಆಡುವ ಮೊದಲು ನಕ್ಕು ಹೊಟ್ಟೆ ಹುಣ್ಣಾಗುವ ಹತ್ತು ಮಾತು ಆಡುವ ಅಭ್ಯಾಸ ನನಗೆ. ಇವತ್ತು ಒಂದೂ ಬರಲಿಲ್ಲ.

“ನೀನಿನ್ನು ನಡೆಯೋಕಾಗಲ್ಲ ಕಣೇ. ಮೇಲಿನ ಮನೆಗೆ ಬರೋಕಾಗಲ್ಲ. ನಲವತ್ತು ನೀನು ನಡೆದಿರಲಿಲ್ಲ. ಕಲ್ಲು ನಾನು ಹತ್ರ ಹತ್ರ ಅಂಟಿಸಿದ್ದೆ. ನಿನ್ನ ಕಾಲು ಇನ್ನೂ ತಯಾರಾಗಿರ್ಲಿಲ್ಲ. ಮೆಟ್ಟಿಲಿಗೆ ಕಳಿಸಿದ್ದು ನಾನು.”

ಅರ್ಥವಾಗಿದೆಯೋ ಇಲ್ಲವೋ ಅಂತ ಇನ್ನೊಮ್ಮೆ ಹೇಳಲು ಹೊರಟೆ. ಬೇಕಾಗಲಿಲ್ಲ. ಅವಳು ನನ್ನ ಮುಖವನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ಎಡಗೈಯಿಂದ ಮಂಚದ ಕಂಬಿ ಹಿಡಿದು, ಬಹಳ ಕಷ್ಟಪಟ್ಟು, ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಸಹಾಯ ಮಾಡಲು ಕೈ ಚಾಚಿದ್ದೆ. ಯಾವುದಕ್ಕೆ ಸಹಾಯ ಅಂತ ಹೊಳೆದು ಹಿಂದೆ ತೆಗೆದುಕೊಂಡೆ.

ಏಪ್ರಿಲ್ 28

ಹೋದೆ. ಗೋಡೆ ನೋಡುತ್ತಿದ್ದಳು. ಬಂದೆ.

ಮೇ 1

ಹಾಗೇ. ಮಗಳ ಜೊತೆ ತಲೆ ಆಡಿಸುತ್ತಾಳೆ, ನರ್ಸುಗಳ ಕೈಯಿಂದ ಉಣ್ಣುತ್ತಾಳೆ. ಆ ಒಂದು ಇಂಗ್ಲಿಷ್ ಮಾತನ್ನೂ ಬಿಟ್ಟುಬಿಟ್ಟಿದ್ದಾಳೆ, ಯಾರಿಗೂ ಹೇಳುವುದಿಲ್ಲ. ಈಗ ನೀರು ಬೇಕೋ ಕಿಟಕಿ ಮುಚ್ಚಬೇಕೋ ಗೊತ್ತಾಗುವುದು ಕಷ್ಟ. ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಅವಳ ಕೈಯನ್ನೇ ನೋಡುತ್ತಿರುತ್ತೇನೆ. ಹೆಬ್ಬೆರಳಿನಿಂದ ಶಾಲಿನ ಅಂಚು ಉಜ್ಜಿದರೆ ಚಳಿ. ಕಣ್ಣು ಎರಡು ಸಲ ಬಾಗಿಲಿಗೆ ಹೋದರೆ ನರ್ಸು ಬೇಕು. ಇಷ್ಟು ವರ್ಷ ಇದನ್ನೆಲ್ಲ ನಾನು ನೋಡಿರಲಿಲ್ಲ. ನಾನೇ ಮಾತಾಡುತ್ತಿದ್ದೆ.

ಎರಡನೇ ಮಹಡಿಯ ಮನೆ ಬಿಟ್ಟು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿಯೋಣ ಅಂದೆ ಮಗಳಿಗೆ. ಸರಿ ಅಂದಳು. ಮೂರು ವಾರದ ಮೇಲೆ ಮೊದಲ ಸಲ ನನ್ನ ಜೊತೆ ಬಸ್ ಸ್ಟಾಪಿನ ತನಕ ನಡೆದು ಬಂದಳು.

ಮೇ 5, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ಬಾಗಿಲಲ್ಲಿ ಕಾಲಿಟ್ಟೆ. ಮಾತಿನ ಹುಡುಗಿ ಅವಳ ಮುಂದೆ ಚಿತ್ರದ ಕಾರ್ಡುಗಳನ್ನು ಹರಡಿಕೊಂಡಿದ್ದಳು. ಲೋಟ, ಬೆಕ್ಕು, ಛತ್ರಿ. ಮೇಷ್ಟ್ರಮ್ಮ ಯಾವುದನ್ನೂ ನೋಡುತ್ತಿರಲಿಲ್ಲ. ತಲೆ ಎತ್ತಿದಳು. ನನ್ನನ್ನು ನೋಡಿದಳು. ತುಟಿ ಎಡಕ್ಕೆ ಎಳೆಯಿತು, ಗಂಟಲಲ್ಲಿ ಏನೋ ಉರುಳಾಡಿತು.

“ಹೋಗಿ,” ಅಂದಳು.

ಸ್ಪಷ್ಟವಾಗಿ. ಅಕ್ಷರ ತಿದ್ದಿ ಬರೆದ ಹಾಗೆ.

ಹುಡುಗಿ ಕಾರ್ಡು ಕೆಳಗೆ ಬೀಳಿಸಿದಳು. “ತಾತ, ಕೇಳಿಸ್ತಾ? ಹೊಸ ಮಾತು. ಸ್ವಂತ ಮಾತು ತಾತ, ಬಾಯಿಪಾಠದ್ದಲ್ಲ. ಅಜ್ಜಿ, ಇನ್ನೊಂದ್ಸಲ ಹೇಳಿ.”

“ಹೋಗಿ.”

ಹೋದೆ. ಹೊರಗಿನ ಬೆಂಚಿನ ಮೇಲೆ ಕೂತೆ. ಒಳಗೆ ಹುಡುಗಿ ನರ್ಸುಗಳನ್ನು ಕರೆಯುತ್ತಿದ್ದಳು. ಅವರೆಲ್ಲ ಹೊರಗೆ ಬಂದು ನನ್ನ ಕೈ ಕುಲುಕಿದರು.

ಮೇ 9

ಮಾತಿನ ಹುಡುಗಿ ಬೆಂಚಿನ ಹತ್ತಿರ ಬಂದು ಕೂತಳು. ಏನೋ ಕೇಳಬೇಕು, ಹೇಗೆ ಕೇಳಲಿ ಅನ್ನುವ ಹಾಗೆ ಉಗುರು ನೋಡಿಕೊಳ್ಳುತ್ತಿದ್ದಳು.

“ತಾತ, ಬೇಜಾರು ಮಾಡ್ಕೋಬೇಡಿ. ಅಜ್ಜಿ ಬೇರೆ ಯಾರನ್ನ ನೋಡಿದ್ರೂ ಬಾಯಿ ಬಿಡಲ್ಲ. ನಿಮ್ಮನ್ನ ನೋಡಿದ್ರೆ ಮಾತ್ರ ಆ ಮಾತು ಬರುತ್ತೆ. ಹೇಳ್ತಾ ಹೇಳ್ತಾ ಹೋದ್ರೆ ನಾಲಿಗೆ ಸಡಿಲ ಆಗುತ್ತೆ, ಅದರ ಹಿಂದೆ ಬೇರೆ ಮಾತೂ ಬರಬಹುದು. ದಿನಾ ಹತ್ತು ಗಂಟೆಗೆ ಬಂದು ಬಾಗಿಲಲ್ಲಿ ನಿಂತ್ಕೋತೀರಾ?”

“ಅವಳು ಹೋಗಿ ಅಂದ್ಮೇಲೆ?”

“ಹೋಗಬೇಕು. ಆಡಿದ ಮಾತು ನಡೆಯುತ್ತೆ ಅಂತ ಅವರಿಗೆ ಗೊತ್ತಾಗಬೇಕಲ್ಲ. ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬನ್ನಿ.”

ಆಗಲಿ ಅಂದೆ. ನನಗೆ ಬೇರೆ ಕೆಲಸವೇನಿದೆ.

ಮೇ 10

ಆರು ಸಲ.

ಮೇ 12, ಸೋಮವಾರ

ಒಂಬತ್ತು ಸಲ. ನಾಲ್ಕನೆಯ ಸಲ “ಹೋಗಿ ಆಚೆ” ಅಂದಳು. ಎರಡು ಮಾತು. ಹುಡುಗಿ ಹಾಳೆಯಲ್ಲಿ ಬರೆದುಕೊಂಡಳು. ಬರೆದುಕೊಳ್ಳುವ ಮೊದಲು ಇನ್ನೊಮ್ಮೆ ಹೇಳಿಸಿ ಖಾತ್ರಿ ಮಾಡಿಕೊಂಡಳು. ಒಳ್ಳೆಯ ಹುಡುಗಿ.

ಮೇ 15

ಇವತ್ತು ಬಾಗಿಲಿಗೆ ಹೋದದ್ದು ಹದಿಮೂರು ಸಲ. ಹನ್ನೆರಡು ಸಲವೂ ಕಾಲಿಟ್ಟ ಕೂಡಲೇ ಹೇಳಿದಳು, ತಡವರಿಸದೆ. ಹನ್ನೆರಡು ಸಲವೂ ಬೆಂಚಿಗೆ ಹೋಗಿ, ನೂರರವರೆಗೆ ಎಣಿಸಿ ಬಂದೆ.

ಹದಿಮೂರನೆಯ ಸಲ ಅವಳು ನನ್ನನ್ನು ನೋಡಿದಳು. ಹುಡುಗಿ ಪೆನ್ನು ಹಿಡಿದು ಕಾದಳು. ನಾನು ಹೊರಡಲು ತಯಾರಾಗಿ ಒಂದು ಕಾಲನ್ನು ಹಿಂದಿಟ್ಟುಕೊಂಡಿದ್ದೆ. ಮೇಷ್ಟ್ರಮ್ಮ ಏನೂ ಹೇಳಲಿಲ್ಲ.

“ಸುಸ್ತಾಗಿರ್ಬೇಕು ತಾತ, ಇವತ್ತಿಗೆ ಸಾಕು,” ಅಂದಳು ಹುಡುಗಿ. ಕಾರ್ಡುಗಳನ್ನು ಎತ್ತಿಟ್ಟುಕೊಂಡು ನನ್ನ ಪಕ್ಕದಿಂದ ಹಾದುಹೋದಳು.

ನಾನು ಬಾಗಿಲಲ್ಲೇ ನಿಂತಿದ್ದೆ. ಅವಳು ಗೋಡೆಯ ಕಡೆ ತಿರುಗಲಿಲ್ಲ.